ದಯಾಮರಣ, ಮಾದಕ ವಸ್ತು ಮತ್ತು ಆಯ್ಕೆಯ ಹಕ್ಕು

ನಿಮ್ಮ ಪ್ರಶ್ನೆ ಹೀಗಿದೆ: ನನ್ನ ದೇಹದ ಮೇಲೆ ನನಗೇ ಹಕ್ಕಿರುವಾಗ ದಯಾಮರಣವನ್ನೂ ಮಾದಕ ವಸ್ತುಗಳ ಸೇವನೆಯನ್ನೂ ಕಾನೂನು ಏಕೆ ತಡೆಯಬೇಕು, ಅವೆರಡಕ್ಕೂ ಅನುಮತಿ ಕೊಟ್ಟರೆ ಸಮಾಜ ಹಾಳಾಗುತ್ತದೆ ಎಂಬ ಮಾತು ನಿಜವೇ? ನಾನು ವಕೀಲನೂ ಅಲ್ಲ, ವೈದ್ಯನೂ ಅಲ್ಲ. ಗುಣವಾಗದ ಕಾಯಿಲೆಯವರನ್ನು ಅವರ ಮನೆಗಳಲ್ಲೇ ನೋಡಿಕೊಳ್ಳುವ ಪ್ಯಾಲಿಯೇಟಿವ್ ಕೇರ್ ತಂಡವೊಂದರ ಜೊತೆ ಸ್ವಯಂಸೇವಕನಾಗಿ ಹಲವು ವರ್ಷ ಓಡಾಡಿದವನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಶಿಕ್ಷೆಯನ್ನು ತೆಗೆದುಹಾಕುವುದು ಈ ಎರಡೂ ವಿಷಯಗಳಲ್ಲಿ ಅರ್ಧ ಕೆಲಸ ಮಾತ್ರ. ಅದರ ಜೊತೆಗೆ ಚಿಕಿತ್ಸೆ ಮತ್ತು ಆರೈಕೆ ಕೈಗೆಟುಕದಿದ್ದರೆ ನೀವು ಹೇಳುವ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಮಾದಕ ವಸ್ತುಗಳ ವಿಷಯದಲ್ಲಿ ಎಲ್ಲರೂ ಮೊದಲು ಉದಾಹರಿಸುವುದು ಪೋರ್ಚುಗಲ್ ದೇಶವನ್ನು. ಆದರೆ ಅಲ್ಲಿ ನಿಜವಾಗಿ ಏನಾಯಿತೆಂಬುದನ್ನು ಅರ್ಧಂಬರ್ಧವಾಗಿ ಹೇಳುವವರೇ ಹೆಚ್ಚು. 2001ರ ಜುಲೈನಲ್ಲಿ ಜಾರಿಗೆ ಬಂದ ಕಾನೂನು ಮಾದಕ ವಸ್ತುಗಳ ಮಾರಾಟಕ್ಕೆ ಅನುಮತಿ ಕೊಡಲಿಲ್ಲ. ಮಾರುವುದು ಅಂದೂ ಅಪರಾಧವಾಗಿತ್ತು, ಇಂದೂ ಅಪರಾಧವೇ. ಬದಲಾದದ್ದು ಇಷ್ಟು: ಹತ್ತು ದಿನಗಳ ಸ್ವಂತ ಬಳಕೆಗೆ ಸಾಲುವಷ್ಟು ಇಟ್ಟುಕೊಂಡು ಸಿಕ್ಕಿಬಿದ್ದವರನ್ನು ಕ್ರಿಮಿನಲ್ ನ್ಯಾಯಾಲಯಕ್ಕೆ ಕಳುಹಿಸುವ ಬದಲು, ಕಾನೂನು, ಆರೋಗ್ಯ ಮತ್ತು ಸಮಾಜಕಾರ್ಯದ ಹಿನ್ನೆಲೆಯಿಂದ ಬಂದ ಮೂವರು ಸದಸ್ಯರ ಆಯೋಗದ ಮುಂದೆ ಕಳುಹಿಸಲಾಗುತ್ತದೆ. ಅಲ್ಲಿ ಕಟಕಟೆ ಇಲ್ಲ. ಈ ವ್ಯಕ್ತಿ ಆಗೊಮ್ಮೆ ಈಗೊಮ್ಮೆ ಸೇವಿಸುವವನೇ ಅಥವಾ ವ್ಯಸನಕ್ಕೆ ಸಿಲುಕಿದವನೇ ಎಂಬುದನ್ನು ವಿಚಾರಿಸಿ, ವ್ಯಸನಿಯಾಗಿದ್ದರೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಆ ಚಿಕಿತ್ಸೆ ಅಲ್ಲಿ ಸಿದ್ಧವಾಗಿತ್ತು, ಅದಕ್ಕೆ ಹಣವೂ ಇತ್ತು. ಸೂಜಿಯ ಮೂಲಕ ಹೆರಾಯಿನ್ ತೆಗೆದುಕೊಳ್ಳುವವರಲ್ಲಿ ಎಚ್‌ಐವಿ ಸೋಂಕು ಮುಂದಿನ ವರ್ಷಗಳಲ್ಲಿ ತೀವ್ರವಾಗಿ ಇಳಿದದ್ದಕ್ಕೆ ಕಾನೂನಿನ ತಿದ್ದುಪಡಿಯಷ್ಟೇ ಈ ವ್ಯವಸ್ಥೆಯೂ ಕಾರಣ.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಅಮೆರಿಕದ ಆರೆಗಾನ್ ರಾಜ್ಯವನ್ನು. 2020ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು 110ನೇ ಮತಪ್ರಸ್ತಾವದ ಮೂಲಕ ಸ್ವಂತ ಬಳಕೆಯ ಅಲ್ಪ ಪ್ರಮಾಣದ ಮಾದಕ ವಸ್ತುಗಳಿಗೆ ಜೈಲು ಶಿಕ್ಷೆಯನ್ನು ತೆಗೆದುಹಾಕಿದರು. ಸಿಕ್ಕಿಬಿದ್ದವರಿಗೆ 100 ಡಾಲರ್ ದಂಡದ ಚೀಟಿ. ಒಂದು ದೂರವಾಣಿ ಸಂಖ್ಯೆಗೆ ಕರೆ ಮಾಡಿ ಆರೋಗ್ಯ ತಪಾಸಣೆಗೆ ಒಪ್ಪಿದರೆ ದಂಡವೂ ಮಾಫಿ. ಕರೆ ಮಾಡಿದವರು ತೀರಾ ಕಡಿಮೆ, ದಂಡ ಕಟ್ಟದವರನ್ನು ಕೇಳುವವರಿರಲಿಲ್ಲ, ಚಿಕಿತ್ಸಾ ಕೇಂದ್ರಗಳಿಗೆಂದು ಮೀಸಲಿಟ್ಟ ಹಣ ತಲುಪುವುದು ಬಹಳ ತಡವಾಯಿತು. ಅದೇ ಹೊತ್ತಿಗೆ ಫೆಂಟನಿಲ್ ಎಂಬ ಅತಿ ಪ್ರಬಲ ಮಾದಕ ವಸ್ತು ಆ ರಾಜ್ಯವನ್ನು ವ್ಯಾಪಿಸಿದ್ದರಿಂದ, ಹೆಚ್ಚಿದ ಸಾವುಗಳಲ್ಲಿ ಹೊಸ ಕಾನೂನಿನ ಪಾಲೆಷ್ಟು, ಫೆಂಟನಿಲ್‌ನ ಪಾಲೆಷ್ಟು ಎಂದು ಬೇರ್ಪಡಿಸುವುದು ಸಂಶೋಧಕರಿಗೂ ವಿವಾದದ ವಿಷಯವಾಗಿದೆ. ಜನರ ತಾಳ್ಮೆ ಮಾತ್ರ ಅಷ್ಟರಲ್ಲಿ ಮುಗಿದಿತ್ತು. 2024ರ ಸೆಪ್ಟೆಂಬರ್‌ನಿಂದ ಅಲ್ಲಿ ಮಾದಕ ವಸ್ತು ಇಟ್ಟುಕೊಳ್ಳುವುದು ಮತ್ತೆ ಅಪರಾಧ. ಶಿಕ್ಷೆ ತೆಗೆದದ್ದೇ ತಪ್ಪು ಎಂದು ಆರೆಗಾನ್ ತೋರಿಸಿತೆನ್ನುವವರಿದ್ದಾರೆ. ನನ್ನ ಮಟ್ಟಿಗೆ ಅಲ್ಲಿನ ತಪ್ಪು ಆಸ್ಪತ್ರೆಯ ಬಾಗಿಲನ್ನು ತೆರೆಯುವ ಮೊದಲೇ ಜೈಲಿನ ಬಾಗಿಲನ್ನು ಮುಚ್ಚಿದ್ದು.

ದಯಾಮರಣಕ್ಕೂ ಮಾದಕ ವಸ್ತುಗಳಿಗೂ ಸಂಬಂಧವೇ ಇಲ್ಲವೆಂದು ಅನೇಕರು ಭಾವಿಸುತ್ತಾರೆ. ಸಂಬಂಧ ಇದೆ, ಅದರ ಹೆಸರು ಮಾರ್ಫಿನ್, ಅಫೀಮಿನಿಂದ ತಯಾರಾಗುವ ಪ್ರಬಲ ನೋವುನಿವಾರಕ. ಮಾದಕ ವಸ್ತುಗಳ ನಿಯಂತ್ರಣಕ್ಕಾಗಿ ಆದ 1961ರ ಅಂತರರಾಷ್ಟ್ರೀಯ ಒಪ್ಪಂದ ತನ್ನ ಪೀಠಿಕೆಯಲ್ಲೇ ನೋವಿನ ಶಮನಕ್ಕೆ ಇಂಥ ಔಷಧಗಳು ಅನಿವಾರ್ಯವೆಂದು ಒಪ್ಪಿಕೊಂಡಿದೆ. ಆದರೂ ದುರ್ಬಳಕೆಯ ಭಯದಿಂದ ದೇಶಗಳು ಮಾಡಿಕೊಂಡ ಕಾನೂನುಗಳು ಕ್ಯಾನ್ಸರ್ ರೋಗಿಗಳಿಂದಲೂ ಅದನ್ನು ದೂರವಿಟ್ಟವು. ಭಾರತದ 1985ರ ಮಾದಕ ವಸ್ತು ಕಾಯ್ದೆಯ ನಂತರ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳು ಹಲವು ಪರವಾನಗಿಗಳಿಗಾಗಿ ಅಲೆಯಬೇಕಾಯಿತು, ಹೆಚ್ಚಿನವು ಆ ಗೋಜಿಗೇ ಹೋಗಲಿಲ್ಲ; 2014ರ ತಿದ್ದುಪಡಿ ಬರುವವರೆಗೆ ಸುಮಾರು ಮೂರು ದಶಕಗಳ ಕಾಲ ಇದೇ ಸ್ಥಿತಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2017ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ವಿತರಣೆಯಾಗುತ್ತಿದ್ದ, ಮಾರ್ಫಿನ್ ಲೆಕ್ಕದಲ್ಲಿ ಸುಮಾರು 299 ಟನ್ ನೋವುನಿವಾರಕಗಳಲ್ಲಿ ಕಡುಬಡ ದೇಶಗಳಿಗೆ ತಲುಪುತ್ತಿದ್ದದ್ದು 0.1 ಟನ್. ಈ ಅಂಕಿಯನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಏಕೆಂದರೆ ನೋವು ಶಮನವಾಗದ ಮನುಷ್ಯ ಹೇಗಿರುತ್ತಾನೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದ್ದ ಒಬ್ಬರು ನಾವು ಮೊದಲ ಸಲ ಹೋದಾಗ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹಾಸಿಗೆಯ ಅಂಚನ್ನು ಯಾರಾದರೂ ಮುಟ್ಟಿದರೂ ಹಲ್ಲು ಕಚ್ಚುತ್ತಿದ್ದರು. ಅವರು ಹೇಳಿದ ಏಕೈಕ ಮಾತು, ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ ಎಂಬುದು. ವೈದ್ಯರು ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ನೋವು ಬರುವುದನ್ನು ಕಾಯದೆ, ಗಡಿಯಾರ ನೋಡಿ ಕೊಡುವಂತೆ ಬರೆದರು. ನಡುರಾತ್ರಿ ಎಬ್ಬಿಸಬಾರದೆಂದು ಮಲಗುವ ಹೊತ್ತಿನ ಪ್ರಮಾಣವನ್ನು ದುಪ್ಪಟ್ಟು ಮಾಡಿದರು. ಮಲಬದ್ಧತೆಯಾಗದಂತೆ ಮತ್ತೊಂದು ಔಷಧ ಸೇರಿಸಿದರು. ಮುಂದಿನ ಭೇಟಿಯಲ್ಲಿ ಅವರು ದಿಂಬಿಗೊರಗಿ ಕುಳಿತು, ಮಗನ ಸಾಲದ ವಿಷಯವಾಗಿ ನಮ್ಮ ಮುಂದೆಯೇ ಅವನೊಡನೆ ವಾದ ಮಾಡುತ್ತಿದ್ದರು. ಇಂಜೆಕ್ಷನ್ನಿನ ಮಾತನ್ನು ಮತ್ತೆ ಎತ್ತಲಿಲ್ಲ. ಮೊದಲ ದಿನವೇ ಅವರ ಕೋರಿಕೆಯನ್ನು ಸ್ವತಂತ್ರ ಆಯ್ಕೆ ಎಂದು ದಾಖಲಿಸಿಕೊಂಡಿದ್ದರೆ ಅದು ಅವರಿಗೆ ಮಾಡಿದ ಅನ್ಯಾಯವಾಗುತ್ತಿತ್ತು.

ಇಷ್ಟಾದರೂ, ಒಳ್ಳೆಯ ಆರೈಕೆ ಇದ್ದರೆ ದಯಾಮರಣವನ್ನು ಯಾರೂ ಕೇಳುವುದಿಲ್ಲ ಎಂದು ನಮ್ಮ ಕ್ಷೇತ್ರದ ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಅದೇ ಆರೆಗಾನ್ ರಾಜ್ಯದಲ್ಲಿ, ಆರು ತಿಂಗಳಿಗಿಂತ ಹೆಚ್ಚು ಬದುಕಲಾರರೆಂದು ಇಬ್ಬರು ವೈದ್ಯರು ದೃಢಪಡಿಸಿದ ರೋಗಿಗಳು ಮಾರಕ ಔಷಧವನ್ನು ಪಡೆದು ತಾವೇ ಸೇವಿಸಲು 1997ರಿಂದ ಅವಕಾಶವಿದೆ. ಅಲ್ಲಿನ ವಾರ್ಷಿಕ ವರದಿಗಳಲ್ಲಿ ರೋಗಿಗಳ ಕಾರಣಗಳಾಗಿ ಮುಂಚೂಣಿಯಲ್ಲಿರುವುದು ತಮ್ಮ ಬದುಕಿನ ಮೇಲೆ ತಮಗೇ ಹಿಡಿತ ತಪ್ಪುವುದು, ಬದುಕಿನಲ್ಲಿ ಖುಷಿ ಕೊಡುತ್ತಿದ್ದುದನ್ನೆಲ್ಲ ಮಾಡಲಾಗದಿರುವುದು, ಘನತೆ ಕಳೆದುಕೊಳ್ಳುವುದು. ನೋವು ಅವುಗಳಿಗಿಂತ ಬಹಳ ಕೆಳಗಿದೆ. ಔಷಧ ಪಡೆದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಅದನ್ನು ಸೇವಿಸುವುದೇ ಇಲ್ಲ; ಬೇಕಾದಾಗ ಬಾಗಿಲು ತೆರೆಯಬಹುದೆಂಬ ಧೈರ್ಯವೇ ಕೆಲವರಿಗೆ ಸಾಕಾಗುತ್ತಿರಬೇಕು. ಇಂಥವರ ಮುಂದೆ ಮಾರ್ಫಿನ್ ಹಿಡಿದು ನಿಂತರೆ ಅದು ಅವರ ಪ್ರಶ್ನೆಗೆ ಉತ್ತರವಲ್ಲ.

ಹಾಗಾದರೆ ಗೆರೆ ಎಲ್ಲಿ? ನೆದರ್ಲೆಂಡ್ಸ್ 2002ರಿಂದ ದಯಾಮರಣಕ್ಕೆ ಅವಕಾಶ ಕೊಟ್ಟಿದ್ದರೂ ಅದನ್ನು ಅಪರಾಧ ಸಂಹಿತೆಯಿಂದ ಪೂರ್ತಿ ತೆಗೆದಿಲ್ಲ. ಕೋರಿಕೆ ಸ್ವಯಿಚ್ಛೆಯದಾಗಿದೆಯೇ, ಸಹಿಸಲಾಗದ ಮತ್ತು ಸುಧಾರಿಸದ ಯಾತನೆ ಇದೆಯೇ, ಬೇರೆ ಸಮಂಜಸ ಪರಿಹಾರ ಇಲ್ಲವೆಂದು ವೈದ್ಯ ಮತ್ತು ರೋಗಿ ಇಬ್ಬರಿಗೂ ಮನವರಿಕೆಯಾಗಿದೆಯೇ, ಮತ್ತೊಬ್ಬ ಸ್ವತಂತ್ರ ವೈದ್ಯ ನೋಡಿದ್ದಾನೆಯೇ ಎಂಬುದನ್ನು ಪ್ರತಿ ಪ್ರಕರಣದ ನಂತರ ಪರಿಶೀಲನಾ ಸಮಿತಿ ನೋಡುತ್ತದೆ. ಇಷ್ಟೆಲ್ಲ ಇದ್ದೂ 2023ರಲ್ಲಿ ಅಲ್ಲಿನ ಒಟ್ಟು ಸಾವುಗಳಲ್ಲಿ ಶೇ. 5ಕ್ಕಿಂತ ಹೆಚ್ಚು ದಯಾಮರಣಗಳು. ನನ್ನನ್ನು ಹೆಚ್ಚು ಕಾಡುವುದು ಕೆನಡಾ. ಅಲ್ಲಿ 2016ರಲ್ಲಿ ಸಾವು ಸಮೀಪಿಸಿದವರಿಗೆಂದು ಆರಂಭವಾದ ವ್ಯವಸ್ಥೆ 2021ರಲ್ಲಿ ಸಾವು ಸಮೀಪವಿಲ್ಲದವರಿಗೂ ವಿಸ್ತರಿಸಿತು. ಮನೆ, ಸಹಾಯಕರು, ಪಿಂಚಣಿ ಕೊಡಲು ಹಿಂಜರಿಯುವ ಸರ್ಕಾರ ಸಾವನ್ನು ಮಾತ್ರ ಬೇಗ ಒದಗಿಸುತ್ತಿದೆಯೆಂದು ಅಂಗವಿಕಲರ ಸಂಘಟನೆಗಳು ಆಕ್ಷೇಪಿಸಿವೆ, 2025ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿಯೂ ಆ ವಿಸ್ತರಣೆಯನ್ನು ಹಿಂತೆಗೆದುಕೊಳ್ಳಲು ಹೇಳಿದೆ. ಮಾನಸಿಕ ಕಾಯಿಲೆಯೊಂದನ್ನೇ ಆಧಾರವಾಗಿಟ್ಟುಕೊಂಡ ಕೋರಿಕೆಗಳನ್ನು ಕೆನಡಾವೇ 2027ರವರೆಗೆ ಮುಂದೂಡಿದೆ.

ಭಾರತದಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪು ಗುಣವಾಗದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವುದನ್ನೂ, ಅದನ್ನು ಮುಂಚಿತವಾಗಿ ಬರೆದಿಡುವ ಉಯಿಲನ್ನೂ ಒಪ್ಪಿದೆ, 2023ರಲ್ಲಿ ವಿಧಾನವನ್ನು ಸರಳಗೊಳಿಸಿದೆ. ಇಷ್ಟರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ನೀವು ಕೇಳಿದ ಹಕ್ಕನ್ನು ನಾನು ಅಲ್ಲಗಳೆಯುತ್ತಿಲ್ಲ. ಸೇವಿಸುವವನನ್ನು ಜೈಲಿಗೆ ಹಾಕುವುದು ನಿಲ್ಲಬೇಕು, ಆದರೆ ಹೆರಾಯಿನ್‌ನಂಥವನ್ನು ಅಂಗಡಿಯಲ್ಲಿ ಮಾರಲು ಬಿಡಬಾರದು. ಸಾವು ಸಮೀಪಿಸಿದವರು ಕೇಳಿದರೆ ವೈದ್ಯರ ನೆರವಿಗೆ ಅವಕಾಶ ಇರಬೇಕು, ಆದರೆ ಅವರಿಗೆ ನೋವುಶಮನದ ಚಿಕಿತ್ಸೆ ನಿಜವಾಗಿ ಸಿಕ್ಕಿತ್ತೆಂಬ ದಾಖಲೆ ಇಲ್ಲದೆ ಆ ಕಡತ ಮುಂದಕ್ಕೆ ಹೋಗಕೂಡದು. ಸಲಹೆ ನೀಡಲಾಯಿತು ಎಂಬ ಒಂದು ಸಾಲು ಸಾಲದು. ಸಾವು ಸಮೀಪವಿಲ್ಲದವರ ವಿಷಯದಲ್ಲಿ, ಅವರಿಗೆ ಬದುಕಲು ಬೇಕಾದ ನೆರವನ್ನು ಕೊಟ್ಟಿರದ ಯಾವ ಸರ್ಕಾರಕ್ಕೂ ದಯಾಮರಣಕ್ಕೆ ಅನುಮತಿ ನೀಡುವ ಅಧಿಕಾರ ಕೊಡಲು ನಾನು ಒಪ್ಪುವುದಿಲ್ಲ. ಇದರಿಂದ ಯಾತನೆ ನಿಜವಾಗಿದ್ದೂ ಕಾಯಬೇಕಾಗುವ ಕೆಲವರು ಉಳಿಯುತ್ತಾರೆ, ಅವರಿಗೆ ಈ ನಿಲುವು ಕಠಿಣವೆನಿಸುತ್ತದೆಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ.