ಹಳೇ ಫ್ರೆಂಚ್ ಸೈಕಲ್ಲಿನ ರಿಮ್ ಯಾರದು? ವಾಲ್ವ್ ತೂತಿನ ಪಕ್ಕ ನೋಡಿ

ಟುಲೂಸ್‌ನ ಹಳೇ ಸಾಮಾನಿನ ಸಂತೆಯಲ್ಲಿ ಪೆಜೋ ಸೈಕಲ್ ತಗೊಂಡಿದ್ದೀರಿ, ಟಯರ್ ಮೇಲೆ ಹಚಿನ್ಸನ್ ಅಂತಿದೆ, ರಿಮ್ ಮೇಲೆ ಸ್ಟಿಕ್ಕರ್ ಇಲ್ಲ, ಹಾಗಾದರೆ ರಿಮ್ಮೂ ಅವರದೇನಾ ಅಂತ ಕೇಳಿದ್ದೀರಿ. ಅಲ್ಲ. ಹಚಿನ್ಸನ್ ಟಯರ್ ಕಂಪನಿ, ಮತ್ತೆ ಟಯರ್ ಸವೆದಾಗಲೆಲ್ಲ ಬದಲಾಗಿರುತ್ತೆ. ಪೆಜೋ ಅನ್ನೋದು ಫ್ರೇಮಿನ ಹೆಸರು. ಚಕ್ರದ ನಡುವಿನ ಹಬ್ ಮೇಲೆ ನಾರ್ಮಂಡಿ ಅಂತಿದ್ದರೆ ಅದು ಹಬ್ಬಿಗಷ್ಟೇ.

ಮೊದಲು ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು, ಬಹುಮಟ್ಟಿಗೆ ರಿಜಿಡಾ ಅನ್ನೋ ರಿಮ್ ಕಂಪನಿಯದು. ಅಂಟದಿದ್ದರೆ ಅಲ್ಯೂಮಿನಿಯಂ: ಮ್ಯಾವಿಕ್, ಸೂಪರ್ ಚಾಂಪಿಯನ್, ರಿಜಿಡಾ, ಈ ರಿಮ್ ಕಂಪನಿಗಳಲ್ಲಿ ಯಾವುದೂ ಆಗಬಹುದು.

ಲಿಯಾನ್‌ನಲ್ಲಿದ್ದಾಗ ನಾನು ರಿಪೇರಿ ಮಾಡಿದ ಸೈಕಲ್ಲಿನ ರಿಮ್ಮೂ ಹೀಗೇ ಬೋಳಾಗಿತ್ತು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ, ವಾಲ್ವ್ ತೂತಿನ ಸುತ್ತ ಉಜ್ಜಿದೆ. ಕಂದು ನೀರು ಇಳಿದು ಕ್ರೋಮ್ ಹೊಳೆಯತೊಡಗಿತು. ದೀಪ ಆರಿಸಿ ಟಾರ್ಚ್ ಓರೆಯಾಗಿ ಹಿಡಿದರೆ, ಎರಡು ಕಡ್ಡಿಗಳ ನಡುವೆ ಪುಟ್ಟ ಅಕ್ಷರಗಳಲ್ಲಿ ರಿಜಿಡಾ ಅಂತ ಒತ್ತಿದ್ದು ಕಂಡಿತು. ಎಷ್ಟು ಖುಷಿಯಾಯ್ತು ಅಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ! ಅಲ್ಲಿ ಸಿಗದಿದ್ದರೆ ನೇರ ಎದುರಿಗೆ, ರಿಮ್ಮಿನ ತುದಿಗಳು ಸೇರುವ ಜಾಗದಲ್ಲಿ ಹುಡುಕಿ.

ಮ್ಯಾವಿಕ್ ಸಿಕ್ಕರೆ ಜೋಪಾನ ಮಾಡಿ. 1934ರ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಆಂತೊನಾ ಮಾನ್ಯ್ ಓಡಿಸಿದ್ದು ಮ್ಯಾವಿಕ್‌ನ ಡ್ಯುರಾಲುಮಿನ್ (ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ) ರಿಮ್. ಗುಟ್ಟು ಬಯಲಾಗದಿರಲಿ ಅಂತ ಅದಕ್ಕೆ ಮರದ ಬಣ್ಣ ಬಳಿದಿದ್ದರಂತೆ, ಆಗ ರೇಸಿನವರದು ಮರದ ರಿಮ್ ತಾನೆ.

ಟಯರ್ ಕೊಳ್ಳುವಾಗ ಮಾತ್ರ ಕಂಪನಿ ಹೆಸರಿಗಿಂತ ಅಳತೆ ಮುಖ್ಯ. ಫ್ರೆಂಚರ 700 ಅನ್ನೋದು ಟಯರ್ ಸೇರಿದ ಹೊರಗಿನ ಅಂದಾಜು ವ್ಯಾಸ, ಮಿಲಿಮೀಟರಿನಲ್ಲಿ. ಹಿಂದಿನ ಎ, ಬಿ, ಸಿ ಮೂಲದಲ್ಲಿ ಟಯರ್ ದಪ್ಪದ ಗುರುತು. ಟಯರ್ ದಪ್ಪವಾದಷ್ಟೂ ರಿಮ್ ಚಿಕ್ಕದು, ಹಾಗಾಗಿ ರಿಮ್ಮಿನಲ್ಲಿ ಟಯರ್ ಕೂರುವ ಜಾಗದ ವ್ಯಾಸ 700ಎ 642, 700ಬಿ 635, 700ಸಿ 622 ಮಿಲಿಮೀಟರ್. ನಮ್ಮೂರಿನ ಹಾಲಿನವರ 28×1½ ಸೈಕಲ್ ಇದೆಯಲ್ಲ, ಅದೂ 635ನೇ! ಅಂದರೆ ನಿಮ್ಮದು 700ಬಿ ಆದರೆ ಊರಿನ ಟಯರ್ ಕೂರುತ್ತೆ, 700ಸಿಗೆ ಕೂರಲ್ಲ.

ಹೊಸ ಟಯರ್ ಹಾಕುವ ಮುಂಚೆ ರಿಮ್ಮಿನ ಒಳಅಂಚಿಗೆ ಬೆರಳಾಡಿಸಿ. ಟಯರ್ ಹಿಡಿಯೋ ಕೊಕ್ಕೆಯಂಥ ಮಡಿಕೆ ಇಲ್ಲದೆ ನೇರವಾಗಿದ್ದರೆ ಗಾಳಿ ಗಟ್ಟಿಯಾಗಿ ತುಂಬಬೇಡಿ, ಟಯರ್ ಕಿತ್ತುಕೊಂಡು ಬಂದುಬಿಡುತ್ತೆ. ವಾಲ್ವ್ ತೂತಿನ ಹತ್ತಿರದ ಫೋಟೊ ಹಾಕಿ, ನೋಡಿ ಹೇಳ್ತೀನಿ.