ಹೆರಿಗೆ ರಜೆ, 5ನೇ ತಾರೀಖಿನ ಕಂತು

ಪ್ರಶ್ನೆ: ಗಾರ್ಮೆಂಟ್ಸ್ ಕೆಲಸ, ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಿದೆ. ಇದು ಮೊದಲ ಹೆರಿಗೆ. ಪ್ರತಿ ತಿಂಗಳು 5ಕ್ಕೆ 4,200 ರೂಪಾಯಿ ಸಾಲದ ಕಂತು ಹೋಗುತ್ತದೆ. ರಜೆಯಲ್ಲಿ ಏನು ಮಾಡಲಿ?

ಉತ್ತರ: ನಿಮಗೆ 26 ವಾರ ದುಡ್ಡು ಬರುತ್ತದೆ, ಆದರೆ ಕಂಪನಿಯಿಂದಲ್ಲ, ಇಎಸ್‌ಐನಿಂದ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ತೊಡಕಿರುವುದು ತಾರೀಖಿನಲ್ಲಿ. ಕ್ಲೇಮ್ ಮಂಜೂರಾದ ಮೇಲಷ್ಟೇ ಹಣ ಜಮೆ. 5ಕ್ಕೆ ಖಾತೆ ಖಾಲಿಯಿದ್ದರೆ ಆಟೋ ಡೆಬಿಟ್ ಬೌನ್ಸ್; ಬ್ಯಾಂಕಿನದೊಂದು ದಂಡ, ಸಾಲ ಕೊಟ್ಟವರದಿನ್ನೊಂದು. ಹಾಗಾಗಿ ಎರಡು ಕಂತಿನ 8,400 ರೂಪಾಯಿ ರಜೆಗೆ ಮುಂಚೆಯೇ ಆ ಖಾತೆಯಲ್ಲಿಡಿ. ಇಎಸ್‌ಐ ದಾಖಲೆಯಲ್ಲಿ ಹಳೇ ಖಾತೆ ನಂಬರ್ ಇದ್ದರೆ ಈಗಲೇ ಬದಲಿಸಿ. ಕಂತು ಮುಂದೂಡಬೇಕಿದ್ದರೆ, ತಪ್ಪುವ ಮುನ್ನವೇ ಸಾಲ ಕೊಟ್ಟವರನ್ನು ಬರವಣಿಗೆಯಲ್ಲಿ ಕೇಳಿ. ಒಪ್ಪುವುದು ಬಿಡುವುದು ಅವರಿಷ್ಟ, ಬಡ್ಡಿಯಂತೂ ಓಡುತ್ತಲೇ ಇರುತ್ತದೆ.