ಪಪ್ಪ ಬರುವ ಹೊತ್ತಿಗೆ ಮಗ ಕೇಳುವ ಪ್ರಶ್ನೆ

ಹುಬ್ಬಳ್ಳಿಯ ಸಹೋದರಿಯೊಬ್ಬರು ಬರೆದ ನಾಲ್ಕು ಪುಟಗಳ ಪತ್ರ ವಾರದಿಂದ ನನ್ನ ಮೇಜಿನ ಮೇಲಿದೆ. ಅವರ ಎಂಟು ವರ್ಷದ ಮಗ ರಾತ್ರಿ ದೀಪ ಆರಿಸಿದ ಮೇಲೆ ಹೊದಿಕೆಯೊಳಗೆ ಮೊಬೈಲ್ ನೋಡುತ್ತಾನೆ, ಕೇಳಿದರೆ ಸುಳ್ಳು ಹೇಳುತ್ತಾನೆ. ಪಾಳಿಯ ಕೆಲಸ ಮಾಡುವ ಗಂಡ ಒಂದು ರಾತ್ರಿ ಅದೇ ತಪ್ಪಿಗೆ ಮೂರು ಏಟು ಕೊಟ್ಟರು; ಮರುವಾರ ಅದೇ ಹೊದಿಕೆಯೊಳಗೆ ಮಗನ ಪಕ್ಕದಲ್ಲಿ ಮಲಗಿ ಕ್ರಿಕೆಟ್ ನೋಡಿದರು. ಮನೆಗೆ ಪ್ರಾರ್ಥನೆಗೆಂದು ಬಂದ ಸಭಾಹಿರಿಯರೊಬ್ಬರು, ಬೆತ್ತ ಹಿಡಿಯದ ತಂದೆ ಮಗನನ್ನು ದ್ವೇಷಿಸುತ್ತಾನೆಂದು ಹೇಳುವ, ಬೈಬಲಿನ ಜ್ಞಾನೋಕ್ತಿಗಳ ಹದಿಮೂರನೆಯ ಅಧ್ಯಾಯವನ್ನು ಓದಿಸಿ, ಮುಂದಿನ ವಾರ ಒಂದು ಬೆತ್ತವನ್ನೇ ತಂದು ಬಾಗಿಲ ಹಿಂದೆ ನಿಲ್ಲಿಸಿ ಹೋದರು. ಹೊಡೆಯದಿದ್ದರೆ ದೇವರ ವಾಕ್ಯಕ್ಕೆ ಅವಿಧೇಯರಾಗುತ್ತೇವೆಯೇ ಎಂಬುದು ಸಹೋದರಿಯ ಪ್ರಶ್ನೆ.

ಆದರೆ ಪ್ರಿಯ ಸಹೋದರಿ, ನನ್ನನ್ನು ಹಿಡಿದು ನಿಲ್ಲಿಸಿದ ಮಾತು ನಿಮ್ಮ ಮೂರನೆಯ ಪುಟದಲ್ಲಿದೆ. ಸಂಜೆ ಓಣಿಯಲ್ಲಿ ಬೈಕಿನ ಸದ್ದು ಕೇಳಿದ ಕೂಡಲೇ ಮಗ ಅಡುಗೆಮನೆಗೆ ಓಡಿ ಬಂದು, “ಪಪ್ಪಾ ಇವತ್ತ ಹೆಂಗದಾರ?” ಎಂದು ಕೇಳುತ್ತಾನೆಂದು ಬರೆದಿದ್ದೀರಿ, ಅದನ್ನು ಅವನ ಜಾಣತನವೆಂದು ಮೆಚ್ಚಿಕೊಂಡೂ ಇದ್ದೀರಿ. ನನಗೆ ಅದರಲ್ಲಿ ಭಯ ಕಾಣಿಸಿತು. ತಾನು ಮಾಡಿದ್ದು ತಪ್ಪೋ ಸರಿಯೋ ಎಂದು ಆ ಮಗು ಈಗ ಯೋಚಿಸುತ್ತಿಲ್ಲ, ತಂದೆಯ ಮುಖ ನೋಡಿ ಅಂದಿನ ಕಾನೂನು ಯಾವುದೆಂದು ಲೆಕ್ಕ ಹಾಕುತ್ತಿದೆ. ತಂದೆಯ ಮುಖ ದಿನಕ್ಕೊಂದು ಬಗೆಯಾದರೆ ಸುಳ್ಳು ಹೇಳುವುದು ಅದಕ್ಕೆ ಕೊಡೆ ಹಿಡಿದಂತೆ.

ನಿಮ್ಮ ಯಜಮಾನರ ಮೇಲೆ ನನಗೆ ಹೆಚ್ಚು ಸಿಟ್ಟಿಲ್ಲ. ಪಾಳಿ ಮುಗಿಸಿ ಬಂದ ಮನುಷ್ಯನಿಗೆ ಹೊಸ್ತಿಲಲ್ಲೇ ದೂರು ಕಾದಿರುತ್ತದೆ. “ಪಪ್ಪ ಬರಲಿ, ಹೇಳ್ತೀನಿ” ಎಂದು ಇಡೀ ದಿನ ಹೆದರಿಸಿದವರು ನೀವು. ಮಧ್ಯಾಹ್ನದ ತಪ್ಪನ್ನು ಸಂಜೆಯ ತನಕ ಕೂಡಿಡಬೇಡಿ. ನನಗೆ ಸಿಟ್ಟು ಬಂದದ್ದು ಆ ಹಿರಿಯರ ಮೇಲೆ. ಜ್ಞಾನೋಕ್ತಿಗಳಲ್ಲಿ ಬೆತ್ತದ ಮಾತೂ ಏಟಿನ ಮಾತೂ ಇವೆ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಅಲ್ಲಿ ಬೆತ್ತಕ್ಕೆ ಬಳಸಿರುವ ಹೀಬ್ರೂ ಪದ ‘ಶೇವೆಟ್’, ನಿಮ್ಮ ಮಗ ಮಲಗುವ ಮುನ್ನ ಬಾಯಿಪಾಠವಾಗಿ ಒಪ್ಪಿಸುವ ಇಪ್ಪತ್ತಮೂರನೆಯ ಕೀರ್ತನೆಯಲ್ಲಿ, ಕತ್ತಲ ಕಣಿವೆಯಲ್ಲಿ ನಡೆಯುವವನಿಗೆ ಧೈರ್ಯ ಕೊಡುವ ಕುರುಬನ ಕೋಲಿಗೂ ಬಂದಿದೆ. ಯಾಜಕಕಾಂಡದ ಕೊನೆಯ ಅಧ್ಯಾಯದಲ್ಲಿ ಕುರಿಗಳು ಒಂದೊಂದಾಗಿ ಹಾದುಹೋಗುವ ಎಣಿಕೆಯ ಕೋಲಿಗೂ ಅದೇ ಪದ. ಕೋಲು ಹಿಡಿದ ಕುರುಬ ಒಂದು ದಿನ ಕುರಿಯನ್ನು ಬಡಿದು ಮರುದಿನ ಮೇವು ಮರೆತು ಅದರೊಡನೆ ಆಡುತ್ತ ಕೂರುವವನಲ್ಲ. ಅಪೊಸ್ತಲನಾದ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ (6:4) ಮಕ್ಕಳಿಗೆ ಕೋಪವೆಬ್ಬಿಸಬೇಡಿರೆಂದು ಹೆಸರಿಟ್ಟು ಎಚ್ಚರಿಸಿದ್ದು ತಂದೆಗಳನ್ನೇ. ಕೊಲೊಸ್ಸೆಯವರಿಗೆ ಬರೆಯುವಾಗ, ಹಾಗೆ ಕೆಣಕಿದರೆ ಮಕ್ಕಳು ಮನಗುಂದಿಯಾರೆಂದು ಕಾರಣವನ್ನೂ ಕೊಟ್ಟನು. ಆ ಹಿರಿಯರು ಈ ಪುಟಗಳನ್ನು ನಿಮಗೇಕೆ ಓದಿಸಲಿಲ್ಲ?

ಹಾಗೆಂದು ಸುಮ್ಮನೆ ಬಿಟ್ಟುಬಿಡಿ ಎನ್ನಲಾರೆ. ಅರಸನಾದ ದಾವೀದನು ತನ್ನ ಮಗ ಅದೋನೀಯನನ್ನು ಒಂದು ದಿನವೂ ‘ಹೀಗೇಕೆ ಮಾಡಿದೆ’ ಎಂದು ಕೇಳಿ ನೋಯಿಸಲಿಲ್ಲವೆಂದು ಅರಸುಗಳ ಮೊದಲ ಪುಸ್ತಕ ನೇರವಾಗಿಯೇ ದಾಖಲಿಸುತ್ತದೆ. ಆ ಮಗ ಮುಪ್ಪಿನ ತಂದೆ ಬದುಕಿರುವಾಗಲೇ ಸಿಂಹಾಸನಕ್ಕೆ ಕೈಹಾಕಿದ. ತಡೆಯದ ತಂದೆಯೂ ಮಗನನ್ನು ಕೈಬಿಟ್ಟಂತೆಯೇ. ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಕೋಪ ಇಳಿಯುವ ತನಕ ಶಿಕ್ಷೆಯ ಮಾತೆತ್ತಬಾರದು, ಕೋಪ ಇಳಿದ ಮೇಲೆ ಶಿಕ್ಷೆಯನ್ನು ಮರೆಯಲೂಬಾರದು.

ನೀವು ಮಾಡಬೇಕಾದ ಕೆಲಸ ಒಂದೇ. ಈ ವಾರ ಮಕ್ಕಳು ಮಲಗಿದ ಮೇಲೆ ಗಂಡಹೆಂಡತಿ ಇಬ್ಬರೂ ಕೂತು ಒಂದೇ ಒಂದು ನಿಯಮ ಮಾಡಿರಿ. ಕುಟುಂಬ ಪ್ರಾರ್ಥನೆ ಮುಗಿದೊಡನೆ ಮನೆಯ ಎಲ್ಲ ಮೊಬೈಲ್‌ಗಳೂ, ಪಪ್ಪನದೂ ಸೇರಿ, ಅಲ್ಮೇರಾದೊಳಗೆ ಹೋಗಲಿ. ಮಗ ಕದ್ದು ತೆಗೆದರೆ ಮರುದಿನವೆಲ್ಲ ಅವನಿಗೆ ಮೊಬೈಲ್ ಇಲ್ಲ. ನಿಯಮವನ್ನು ಅವನಿಗೆ ಹೇಳಬೇಕಾದವರು ತಂದೆ, ಅದೂ ನಗುನಗುತ್ತ ಇರುವ ದಿನ, ತೊಡೆಯ ಮೇಲೆ ಕೂರಿಸಿಕೊಂಡು. ಅವನು ಮೀರಿದಾಗ ಬೋನಸ್ ಬಂದ ದಿನವಿರಲಿ, ಬೈಸಿಕೊಂಡು ಬಂದ ದಿನವಿರಲಿ, ಅಷ್ಟೇ ಶಿಕ್ಷೆ. ಕೂದಲೆಳೆಯಷ್ಟು ಹೆಚ್ಚೂ ಬೇಡ, ಕಡಿಮೆಯೂ ಬೇಡ. ಆ ರಾತ್ರಿ ಕೀರ್ತನೆ ಹೇಳುವಾಗ ಎಂದಿನಂತೆ ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲಿ. ಮೊದಲ ಎರಡು ವಾರ ಅವನು ಪರೀಕ್ಷಿಸಿಯೇ ಪರೀಕ್ಷಿಸುತ್ತಾನೆ, ಧೃತಿಗೆಡಬೇಡಿ.

ಬಾಗಿಲ ಹಿಂದಿನ ಬೆತ್ತವನ್ನು ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಯಜಮಾನರೇ ಹಿರಿಯರ ಕೈಗೆ ಮರಳಿಸಲಿ. ಮಗನೂ ಜೊತೆಗಿರಲಿ.